ಪರದೇಶದಲ್ಲಿ ದಾರಿ ಹುಡುಕಲು: ಗೂಗಲ್ ಮ್ಯಾಪ್ಸ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್?
ಹೊಸ ದೇಶದಲ್ಲಿ ವಿಮಾನ ಇಳಿದಾಗ ಕೈಯಲ್ಲಿರುವ ಫೋನಿಗೆ ಬಹಳ ಸಲ ಇಂಟರ್‌ನೆಟ್ ಇರುವುದಿಲ್ಲ. ನಕ್ಷೆಯ ಆ್ಯಪ್‌ಗೆ ನಿಜವಾದ ಪರೀಕ್ಷೆ ಆ ಗಳಿಗೆಯೇ.

ಸಂಪರ್ಕ ಇರುವಷ್ಟು ಹೊತ್ತು ಗೂಗಲ್ ಮ್ಯಾಪ್ಸ್‌ಗೆ ಸಾಟಿಯಿಲ್ಲ. ಮುಂದಿನ ರೈಲು ಎಷ್ಟು ಹೊತ್ತಿಗೆ, ವಸ್ತುಸಂಗ್ರಹಾಲಯ ಇಂದು ತೆರೆದಿದೆಯೇ, ಹೋಟೆಲಿನ ಬಗ್ಗೆ ತಂಗಿದವರು ಏನೆನ್ನುತ್ತಾರೆ, ಎಲ್ಲವೂ ಅಲ್ಲೇ ಸಿಗುತ್ತದೆ. ಸಂಪರ್ಕ ಕಡಿದರೆ ಮಾತು ಬೇರೆ. ಮೊದಲೇ ಇಳಿಸಿಕೊಂಡ ನಕ್ಷೆ ಕಾರಿನ ದಾರಿ ತೋರಿಸುತ್ತದೆ. ನಡಿಗೆಯ ದಾರಿಯನ್ನಾಗಲಿ ಬಸ್ಸು, ಮೆಟ್ರೊ ಮಾರ್ಗವನ್ನಾಗಲಿ ಹೇಳುವುದಿಲ್ಲ. ಪ್ರವಾಸಿಗೆ ಬೇಕಾಗುವುದು ಹೆಚ್ಚಾಗಿ ಅವೇ!

ಆರ್ಗ್ಯಾನಿಕ್ ಮ್ಯಾಪ್ಸ್ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಸ್ವಯಂಸೇವಕರು ಸೇರಿ ರಚಿಸುವ ಮುಕ್ತ ನಕ್ಷೆಯ ಮಾಹಿತಿಯ ಮೇಲೆ ನಿಂತಿದೆ. ಜಾಹೀರಾತು ಇಲ್ಲ, ಖಾತೆ ತೆರೆಯಬೇಕಿಲ್ಲ. ಇಳಿಸಿಕೊಂಡ ನಕ್ಷೆಯಿಂದ ಫೋನಿನಲ್ಲೇ ದಾರಿ ಲೆಕ್ಕ ಹಾಕುವುದರಿಂದ, ಜಿಪಿಎಸ್‌ಗೂ ಇಂಟರ್‌ನೆಟ್ ಬೇಕಿಲ್ಲವಾದ್ದರಿಂದ, ಪೂರ್ತಿ ಆಫ್‌ಲೈನಿನಲ್ಲೂ ನಡಿಗೆಯ ದಾರಿ ಹೇಳುತ್ತದೆ. ಓಣಿಯ ಕೊನೆಯ ಮೆಟ್ಟಿಲು, ಉದ್ಯಾನದೊಳಗಿನ ಕಾಲುದಾರಿ, ಕುಡಿಯುವ ನೀರಿನ ನಲ್ಲಿ ಎಷ್ಟೋ ಕಡೆ ಗುರುತಾಗಿರುತ್ತವೆ. ಆದರೆ ಬಳಕೆದಾರರ ವಿಮರ್ಶೆಗಳಿಲ್ಲ, ವಾಹನ ದಟ್ಟಣೆಯ ಸುದ್ದಿಯಿಲ್ಲ.

ಕಾರು ಬಾಡಿಗೆಗೆ ಪಡೆಯುವವರಿಗೆ ಗೂಗಲ್ ಸಾಕು. ಕಾಲ್ನಡಿಗೆಯಲ್ಲಿ ಊರು ನೋಡುವವರು ಆರ್ಗ್ಯಾನಿಕ್ ಮ್ಯಾಪ್ಸ್ ಇಲ್ಲದೆ ಹೊರಡಲೇಬಾರದು. ಮನೆಯ ವೈಫೈನಲ್ಲೇ ಆ ಪ್ರದೇಶದ ನಕ್ಷೆ ಇಳಿಸಿಕೊಂಡು, ತಂಗುವ ಜಾಗವನ್ನು ಗುರುತು ಹಾಕಿಡಿ.