ಬ್ಲೈಟಿ ಹುಡುಕುತ್ತಾ ಹೋದವಳ ಕೈಗೆ ಸಿಕ್ಕ ನಿಘಂಟು

ಹೋದ ವರ್ಷ ಅನುವಾದಕ್ಕೆಂದು ಒಂದು ಕಟ್ಟು ಕಾಗದಗಳು ನನ್ನ ಕೈಗೆ ಬಂದವು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿದ್ದ ಒಬ್ಬ ಇಂಗ್ಲಿಷ್ ಸಿಪಾಯಿ ಮನೆಗೆ ಬರೆದವು. ಭಾಷೆ ಸರಳ. ದಿನಕ್ಕೆ ನಾಲ್ಕು ಪುಟ ಸಲೀಸಾಗಿ ಸಾಗುತ್ತಿತ್ತು. ಒಂದು ಕಾಗದದಲ್ಲಿ ಮಾತ್ರ ಪೆನ್ನು ನಿಂತುಬಿಟ್ಟಿತು. ಜೊತೆಯವನ ಕಾಲಿಗೆ ಗುಂಡು ತಗಲಿದೆ. ಇವನು ಬರೆಯುತ್ತಾನೆ: ಅವನಿಗೆ ಒಂದು ಬ್ಲೈಟಿ ಸಿಕ್ಕಿತು, ಪುಣ್ಯವಂತ.

ಗುಂಡು ತಿಂದವನು ಪುಣ್ಯವಂತ ಹೇಗಾದ?

ಮೇಜಿನ ಮೇಲಿದ್ದ ಸಾಮಾನ್ಯ ನಿಘಂಟು ಅರ್ಥ ಕೊಟ್ಟಿತು. ಬ್ಲೈಟಿ ಅಂದರೆ ಇಂಗ್ಲೆಂಡು, ಸಿಪಾಯಿಗಳ ಆಡುಮಾತಿನಲ್ಲಿ. ಜೀವಕ್ಕೆ ಅಪಾಯವಿಲ್ಲದ, ಆದರೆ ಊರಿಗೆ ವಾಪಸ್ ಕಳಿಸುವಷ್ಟು ದೊಡ್ಡ ಗಾಯಕ್ಕೂ ಅದೇ ಹೆಸರು. ಕೊನೆಗೆ ಸಣ್ಣಕ್ಷರದಲ್ಲಿ ಹಿಂದಿ ಮೂಲ ಎಂದಿತ್ತು. ಲಂಡನ್ನಿನ ಹುಡುಗ ತನ್ನ ಊರನ್ನು ನೆನೆದು ಬಳಸುವ ಮಾತು ಹಿಂದಿಯಿಂದ ಯಾಕೆ ಬರಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಹಳ ದಿನದಿಂದ ಕೊಳ್ಳಬೇಕೆಂದುಕೊಂಡಿದ್ದ ಹಾಬ್ಸನ್-ಜಾಬ್ಸನ್ ನಿಘಂಟನ್ನು ಆವತ್ತೇ ತರಿಸಿದೆ. ಒಂದು ವರ್ಷ ದಿನಾ ಬಳಸಿದ ಮೇಲೆ ಈಗ ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಇಂಡಿಯಾದಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ನಮ್ಮ ಕಡೆಯ ಮಾತುಗಳ ನಿಘಂಟು. ಬರೆದವರು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ ಮದ್ರಾಸ್ ಸಿವಿಲ್ ಸರ್ವಿಸ್‌ನವರು, ಸಂಸ್ಕೃತ ಬಲ್ಲವರು. ತುಳುನಾಡಿನ ಭೂತಾರಾಧನೆಯ ಬಗ್ಗೆಯೂ ಕೆಲಸ ಮಾಡಿದವರು. 1882ರಲ್ಲಿ ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು 1886ರಲ್ಲಿ. 1903ರಲ್ಲಿ ವಿಲಿಯಂ ಕ್ರುಕ್ ಅದನ್ನು ತಿದ್ದಿ ಬೆಳೆಸಿದರು. ನನ್ನ ಹತ್ತಿರ ಇರುವುದು ಆ ಎರಡನೇ ಆವೃತ್ತಿಯ ಮರುಮುದ್ರಣ. ಸಾವಿರಕ್ಕೂ ಜಾಸ್ತಿ ಪುಟ.

ತೆರೆದು ನೋಡಿದರೆ ಬ್ಲೈಟಿ ಎಂಬ ಪದವೇ ಇಲ್ಲ! ಬಿ ಅಕ್ಷರದ ಪುಟಗಳನ್ನು ಹಿಂದೆ ಮುಂದೆ ತಿರುವಿದೆ. ಆಮೇಲೆ ಹೊಳೆಯಿತು. ಆ ಮಾತು ಮನೆಮಾತಾದದ್ದು 1914ರ ಯುದ್ಧದಲ್ಲಿ, ಪುಸ್ತಕ ಅದಕ್ಕಿಂತ ಹಳೆಯದು. ಆದರೆ ಕೆಲವು ಪುಟ ಹಿಂದೆ ಬಿಲಾಯತ್ ಎಂಬ ಪದ ಕಾದುಕೊಂಡಿತ್ತು. ಮಗು ಹುಟ್ಟುವ ಮೊದಲೇ ತೆಗೆಸಿಕೊಂಡ ತಾಯಿಯ ಫೋಟೋ ನೋಡಿದಂತಾಯಿತು.

ಅಲ್ಲಿರುವ ವಿವರಣೆ ಐದಾರು ಸಾಲು ಅಷ್ಟೇ. ಅರಬ್ಬಿಯ ವಿಲಾಯತ್ ಅಂದರೆ ರಾಜ್ಯ, ಪ್ರಾಂತ್ಯ. ಅಫ್ಘನ್ನರು ಎಷ್ಟೋ ಸಲ ತಮ್ಮ ನಾಡನ್ನೇ ವಿಲಾಯತ್ ಅನ್ನುತ್ತಾರೆ. ಇಂಡಿಯಾದಲ್ಲಿ ಮಾತ್ರ ಅದು ದೂರದ ಯೂರೋಪಿನ ಹೆಸರಾಯಿತು. ಇಷ್ಟನ್ನೇ ಓದಿ ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತೆ. ನಮ್ಮ ಕನ್ನಡದಲ್ಲೂ ಇದೇ ಆಗಿದೆ ಅಲ್ವಾ? ಸೀಮೆ ಅಂದರೆ ಎಲ್ಲೆ, ಒಂದು ನಾಡು. ಬಯಲುಸೀಮೆ ಅಂತೀವಿ. ಅದೇ ಸೀಮೆ ಹೊರಗಿನಿಂದ ಬಂದ ಸಾಮಾನಿಗೂ ಅಂಟಿಕೊಂಡಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಹಿಂದಿಯವರು ವಿಲಾಯತಿ ಅಂದ ಕಡೆ ನಾವು ಸೀಮೆ ಅಂದೆವು. ಅವರು ಟೊಮೆಟೊವನ್ನು ಬಿಲಾಯತಿ ಬೈಂಗನ್ ಅನ್ನುತ್ತಿದ್ದರು ಎಂದು ಈ ನಿಘಂಟೇ ಹೇಳುತ್ತದೆ. ವಿಲಾಯತಿ ಬದನೆ! ನಾವು ಬೇರೆ ತರಕಾರಿಗೆ ಸೀಮೆಬದನೆ ಅಂತ ಹೆಸರಿಟ್ಟೆವು. ಕಾಯಿ ಬೇರೆ, ಹೆಸರಿಟ್ಟ ಬಗೆ ಒಂದೇ.

ವಿಲಾಯತ್ ಬಿಲಾಯತ್ ಆದದ್ದು ಹೇಗೆ ಅಂತ ಕನ್ನಡದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ತಮಿಳಿನ ವಾೞೈ ನಮ್ಮ ಬಾಳೆ, ಅಲ್ಲಿಯ ವೇರ್ ನಮ್ಮ ಬೇರು, ವಿಲ್ ನಮ್ಮ ಬಿಲ್ಲು. ವಕಾರ ಬಕಾರವಾಗುವುದನ್ನು ನಾವು ದಿನಾ ಬಾಯಲ್ಲಿ ಹೊತ್ತು ತಿರುಗುತ್ತೇವೆ. ಉತ್ತರದ ಮಾತುಗಳಲ್ಲೂ ವಿಲಾಯತಿ ಹಾಗೆಯೇ ಬಿಲಾಯತಿ ಆಯಿತು. ಗೋರಾ ಸಿಪಾಯಿಯ ನಾಲಿಗೆ ಮೊದಲ ಇಕಾರವನ್ನು ನುಂಗಿತು, ಲಾಯ ಎಂಬುದನ್ನು ಲೈ ಮಾಡಿತು. ಬಿಲಾಯತಿ, ಬ್ಲಾಯತಿ, ಬ್ಲೈಟಿ. ಜೋರಾಗಿ ನಾಲ್ಕು ಸಲ ಹೇಳಿ ನೋಡಿ, ನಿಮ್ಮ ಬಾಯಲ್ಲೇ ಆಗುತ್ತದೆ.

ಈ ಪುಸ್ತಕದ ಬೆಲೆ ಇರುವುದು ಅರ್ಥದಲ್ಲಿ ಅಷ್ಟಾಗಿ ಅಲ್ಲ, ಉದಾಹರಣೆಗಳಲ್ಲಿ. ಪ್ರತಿ ಪದದ ಕೆಳಗೂ ಹಳೆಯ ಪ್ರವಾಸಿಗಳು, ವ್ಯಾಪಾರಿಗಳು, ಪತ್ರಿಕೆಗಳು ಬರೆದ ಸಾಲುಗಳನ್ನು ವರ್ಷದ ಪ್ರಕಾರ ಜೋಡಿಸಿದ್ದಾರೆ. ಬಿಲಾಯತಿ ಪಾನಿ ಎಂಬ ಪದದ ಕೆಳಗೆ ನೋಡಿ. ವಿಲಾಯತಿ ನೀರು, ಅಂದರೆ ಸೋಡಾ. ಅಲ್ಲಿ 1885ರ ಒಂದು ಮಾತುಕತೆ ಇದೆ. ಒಬ್ಬ ಇಂಗ್ಲಿಷಿನವನು, ನಾವು ಸಾವಿರಾರು ಮೈಲಿ ದೂರ ಬಂದು ಗೊಣಗದೆ ಇರುತ್ತೇವೆ ನೋಡು ಅನ್ನುತ್ತಾನೆ. ಇಲ್ಲಿಯವನು ಉತ್ತರ ಕೊಡುತ್ತಾನೆ: ನಿಜ, ಆದರೆ ನೀವು ಸಾಹೇಬರು ವಿಲಾಯತಿ ನೀರು ಕುಡಿಯುತ್ತೀರಲ್ಲ, ಅದರ ಶಕ್ತಿಯಿಂದ ಎಲ್ಲ ತಡೆದುಕೊಳ್ಳುತ್ತೀರಿ. ಬಿರಡೆಯನ್ನು ಅಷ್ಟು ಜೋರಾಗಿ ಹಾರಿಸುವ ಬಲ ಕುಡಿದವನ ಮೈಗೂ ಬರುತ್ತದೆಂದು ಅವನ ಲೆಕ್ಕ. ಆ ನೀರನ್ನು ಅವನು ನೋಡಿದ ಬಗೆ ನನಗೆ ತುಂಬ ಇಷ್ಟವಾಯಿತು. ಬರೀ ಸೋಡಾ ಎಂಬ ಅರ್ಥದಲ್ಲಿ ಆ ಮನುಷ್ಯ ನಮಗೆ ಸಿಗುತ್ತಿರಲಿಲ್ಲ.

ಇಂಥ ದಾರಿಗಳು ಬೇಕಾದಷ್ಟಿವೆ. ಜಾಗರಿ, ಅಂದರೆ ಬೆಲ್ಲ, ಹುಡುಕಲು ಹೋದರೆ ಅದೂ ಶುಗರ್ ಕೂಡ ನಮ್ಮ ಸಕ್ಕರೆಯ ಬಳಗವೇ ಎಂದು ತಿಳಿಯುತ್ತದೆ. ಜಾಗರಿ ಸಂಸ್ಕೃತದ ಶರ್ಕರೆಯಿಂದ ಹೊರಟು ಪೋರ್ಚುಗೀಸರ ಬಾಯಿ ಹೊಕ್ಕು ಬಂದದ್ದು. ಇದರಲ್ಲೇ ಎಷ್ಟೋ ಸಂಜೆ ಕಳೆದಿವೆ.

ಇನ್ನು ಕೊರತೆಗಳು. ಕಾಗುಣಿತ ಹಳೆಯ ಕಾಲದ್ದು. ಇವತ್ತಿನ ಸ್ಪೆಲ್ಲಿಂಗ್ ಹಿಡಿದು ಹೋದರೆ ಬ್ರಿಂಜಾಲ್ ಕೂಡ ತಕ್ಷಣ ಸಿಗುವುದಿಲ್ಲ. ಎರಡು ಮೂರು ಬಗೆಯಲ್ಲಿ ಹುಡುಕುವ ತಾಳ್ಮೆ ಬೇಕು. ಕನ್ನಡವನ್ನು ಕೆನರೀಸ್ ಎನ್ನುತ್ತದೆ, ಅದು ಆ ಕಾಲದ ರೂಢಿ, ಬಿಡಿ. ನನಗೆ ನಿಜವಾಗಿ ನೋವಾಗುವುದು ಪುಸ್ತಕದ ಹೆಸರಿನಿಂದ. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಯಾ ಹಸನ್, ಯಾ ಹುಸೇನ್ ಎಂದು ಕೂಗುವುದು ಇಂಗ್ಲಿಷ್ ಸಿಪಾಯಿಗಳ ಕಿವಿಗೆ ಹಾಬ್ಸನ್-ಜಾಬ್ಸನ್ ಎಂದು ಕೇಳಿಸಿತು. ಜನರ ದುಃಖದ ಕೂಗನ್ನು ಹೀಗೆ ತಿರುಚಿದ ಮಾತನ್ನೇ ಪುಸ್ತಕದ ಹಣೆಯ ಮೇಲೆ ಬರೆದರು. ಒಳಗೂ ಅಲ್ಲಲ್ಲಿ ಆಳುವವರ ದನಿ ಕೇಳುತ್ತದೆ. ಓದುವಾಗ ಇದು ನೆನಪಿರಲಿ.

ನನ್ನ ಪ್ರತಿಯ ಬೈಂಡಿಂಗ್ ಮೂರೇ ತಿಂಗಳಿಗೆ ಬಿಟ್ಟುಕೊಂಡಿತು, ಅಕ್ಷರ ಮಸುಕು. ಅಗ್ಗದ ಮರುಮುದ್ರಣ ಕೊಳ್ಳುವ ಮೊದಲು ಒಳಗಿನ ಎರಡು ಪುಟ ನೋಡಿಕೊಳ್ಳಿ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಪೂರ್ತಿ ಪುಸ್ತಕ ಪುಕ್ಕಟೆ ಸಿಗುತ್ತದೆ. ಒಂದು ಪದ ನೋಡಿ ಎದ್ದು ಹೋಗುವವರಿಗೆ ಅದೇ ಸಾಕು. ನಾನು ಕಾಗದವನ್ನೇ ಆರಿಸುತ್ತೇನೆ. ಬ್ಲೈಟಿ ಹುಡುಕುವಾಗ ಬಿಲಾಯತ್ ಕಣ್ಣಿಗೆ ಬಿದ್ದದ್ದು ಪುಟ ತಿರುವಿದ್ದರಿಂದಲೇ.

ನಿಘಂಟು ನಿಲ್ಲಿಸಿದ ಕಡೆಯಿಂದ ಮುಂದಿನ ಕತೆ ನಾನೇ ಹುಡುಕಿಕೊಂಡೆ. 1914ರ ಕೊನೆಯಿಂದ 1916ರ ಶುರುವಿನ ತನಕ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಹಿಂದೆ ರಾಜರ ಅರಮನೆಯಾಗಿದ್ದ ರಾಯಲ್ ಪೆವಿಲಿಯನ್ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಅವರವರ ಜಾತಿ ಧರ್ಮಕ್ಕೆ ತಕ್ಕಂತೆ ಬೇರೆ ಬೇರೆ ಅಡುಗೆಮನೆ ಮಾಡಿದ್ದರು. ಅಲ್ಲಿ ಮಲಗಿದ್ದ ಪಂಜಾಬಿನ ಹುಡುಗನಿಗೆ ಕಿಟಕಿಯಾಚೆ ಕಾಣುವುದು ವಿಲಾಯತ್, ಪರದೇಶ. ಅದೇ ಯುದ್ಧದಲ್ಲಿ ಗಾಯಗೊಂಡು ಹಡಗಿನಲ್ಲಿ ಅದೇ ನೆಲಕ್ಕೆ ಬಂದಿಳಿದ ಇಂಗ್ಲಿಷ್ ಹುಡುಗನಿಗೆ ಅದು ಬ್ಲೈಟಿ, ತನ್ನ ಮನೆ. ಮಾತು ಒಂದೇ, ನೆಲವೂ ಒಂದೇ. ಕನ್ನಡದಲ್ಲಿ ಪರದೇಶಿ ಎಂಬ ಮಾತು ಯಾರೂ ಇಲ್ಲದ ಅನಾಥನಿಗೆ ಸಲ್ಲುತ್ತದೆ. ಆ ಪಂಜಾಬಿ ಹುಡುಗನನ್ನು ನೆನೆದಾಗ ನನಗೆ ನಮ್ಮ ಈ ಮಾತೇ ಬಾಯಿಗೆ ಬರುತ್ತದೆ.

ಕಾಗದದ ಆ ಸಾಲನ್ನು ಐದು ಸಲ ಬರೆದು ಹೊಡೆದೆ. ಸಣ್ಣ ಗಾಯ ಅಂದರೆ ಸುಳ್ಳಾಗುತ್ತಿತ್ತು. ಬ್ಲೈಟಿ ಎಂದೇ ಬಿಟ್ಟು ಕೆಳಗೆ ಟಿಪ್ಪಣಿ ಹಾಕಿದರೆ ಸಿಪಾಯಿಯ ಆಸೆ ಟಿಪ್ಪಣಿಗೆ ಇಳಿದುಬಿಡುತ್ತಿತ್ತು. ಕೊನೆಗೆ ಹೀಗೆ ಬರೆದೆ: ಅವನಿಗೆ ಊರು ಕಾಣಿಸುವಂಥ ಗಾಯ ಬಿತ್ತು, ಪುಣ್ಯವಂತ.