ಮೊಣಕಾಲು ದಿಂಬು: 14 ತಿಂಗಳು ಮಲಗಿ ನೋಡಿದ ಮೇಲೆ

ಬಲಮಗ್ಗುಲಿಗೆ ತಿರುಗಿದರೆ ಮಾತ್ರ ನಿದ್ದೆ ಹತ್ತುವ ಜಾತಿ ನನ್ನದು. ಅದೇ ಬಲಗಡೆ ಸೊಂಟದಲ್ಲಿ ನೋವು ಬಂದರೆ ಏನು ಮಾಡುವುದು? ರಾತ್ರಿ ಎರಡು ಗಂಟೆಗೆ ಎಚ್ಚರ. ಎಡಕ್ಕೆ ಹೊರಳಿದರೆ ಅರ್ಧ ಗಂಟೆ ಪರವಾಗಿಲ್ಲ. ಆಮೇಲೆ ಮೇಲಿರುವ ಬಲಗಾಲೇ ಸೆಳೆಯಲು ಶುರು. ಎದ್ದು ಕೂತು, ನೀರು ಕುಡಿದು, ಗಡಿಯಾರ ನೋಡಿ ಮತ್ತೆ ಮಲಗುವುದು. ಹೀಗೆ ಮೂರು ತಿಂಗಳು ಕಳೆದ ಮೇಲೆ ಆನ್‌ಲೈನಿನಲ್ಲಿ 899 ರೂಪಾಯಿ ಕೊಟ್ಟು ಮೊಣಕಾಲುಗಳ ನಡುವೆ ಇಟ್ಟುಕೊಳ್ಳುವ ಮೆಮೊರಿ ಫೋಮ್ ದಿಂಬು ತರಿಸಿದೆ. ಹೋದ ವರ್ಷ ಫೆಬ್ರವರಿಯಲ್ಲಿ. ಈಗ 14 ತಿಂಗಳಾಯಿತು. ಮಳೆ, ಚಳಿ, ಸೆಕೆ ಮೂರನ್ನೂ ನೋಡಿದೆ. ಕಂಪನಿಯ ಹೆಸರು ಬೇಡ, ಈ ಆಕಾರದ ದಿಂಬುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇವೆ.

ನನಗೆ 53 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇದೆ.

ದಿಂಬಿನ ವಿಷಯಕ್ಕೆ ಬರುವ ಮೊದಲು ಒಂದು ಮಾತು. ನಾವು ‘ಸೊಂಟ’ ಅಂದರೆ ಬೆನ್ನಿನ ಕೆಳಭಾಗವೂ ಆಯಿತು, ಪಕ್ಕದ ಎಲುಬೂ ಆಯಿತು. ಇದರಿಂದಲೇ ನನಗೆ ಆರು ವಾರ ದಂಡ. ಮೆಡಿಕಲ್ ಶಾಪಿನಲ್ಲಿ ಸೊಂಟ ನೋವು ಅಂದೆ, ಬೆಲ್ಟ್ ಕೊಟ್ಟರು. ಅದನ್ನು ಬಿಗಿದುಕೊಂಡು ಮೆಷಿನ್ ತುಳಿದೆ. ಬೆವರುಸಾಲೆ ಬಂತು, ನೋವು ಇದ್ದಲ್ಲೇ ಇತ್ತು. ಕೊನೆಗೆ ಕಾಸರಗೋಡಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಮಲಯಾಳದಲ್ಲಿ ಕೇಳಿದಳು: ‘ಚೇಚ್ಚಿ, ನಡುವಾಣೋ, ಇಡುಪ್ಪಾಣೋ?’ ನಡು ಅಂದರೆ ಬೆನ್ನು, ಇಡುಪ್ಪು ಅಂದರೆ ಪಕ್ಕದ ಸೊಂಟ. ಅವರಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದ ಇದೆ ನೋಡಿ. ನಾನು ಉತ್ತರ ಕೊಡುವ ಬದಲು ಬೆರಳಿಟ್ಟು ತೋರಿಸಿದೆ. ಹಿಪ್ ಅಳತೆ ತೆಗೆಯುವಾಗ ಟೇಪು ಬಂದು ಕೂರುತ್ತದಲ್ಲ, ತೊಡೆಯ ಹೊರಗಡೆ ಗಟ್ಟಿಯಾಗಿ ಕೈಗೆ ಸಿಗುವ ಉಬ್ಬು, ಅಲ್ಲಿ.

ಅಲ್ಲಿಂದ ಎಲ್ಲ ಸಲೀಸಾಯಿತು. ಸೊಂಟದ ಕೀಲೇ ಕೆಟ್ಟಿದ್ದರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಗೊತ್ತಾಗುತ್ತದಂತೆ. ನನ್ನದು ಹೊರಗಡೆಯ ನೋವು. ಆ ಉಬ್ಬು ಎಲುಬಿಗೆ ಪಿರ್ರೆಯ ಸ್ನಾಯುಗಳ ಟೆಂಡನ್, ಅಂದರೆ ನಾರಿನ ಹಗ್ಗದಂಥದ್ದು, ಬಂದು ಅಂಟಿಕೊಂಡಿರುತ್ತದೆ. ಅದು ಸವೆದು ನೋಯುವುದು 40 ದಾಟಿದ ಹೆಂಗಸರಲ್ಲಿ ಜಾಸ್ತಿ. ನೋವಿನ ಬದಿಗೆ ಮಲಗಿದರೆ ಟೆಂಡನ್ ಎಲುಬಿಗೂ ಹಾಸಿಗೆಗೂ ನಡುವೆ ಜಜ್ಜಿಹೋಗುತ್ತದೆ. ಒಳ್ಳೆಯ ಬದಿಗೆ ಮಲಗಿದರೆ ಮೇಲಿನ ಕಾಲು ಮುಂದೆ ಜಾರಿ ಹಾಸಿಗೆಗೆ ಬೀಳುತ್ತದೆ. ಆಗ ಅದೇ ಟೆಂಡನ್ ಉಬ್ಬಿನ ಮೇಲೆ ಬಿಗಿದುಕೊಳ್ಳುತ್ತದೆ. ಎಡಕ್ಕೆ ಹೊರಳಿದರೂ ಅರ್ಧ ಗಂಟೆಗೇ ಯಾಕೆ ಎಚ್ಚರವಾಗುತ್ತಿತ್ತು ಅಂತ ಆಗ ತಿಳಿಯಿತು. ಮೇಲಿನ ಕಾಲು ಬೀಳದ ಹಾಗೆ ಮಾಡುವುದೇ ಈ ದಿಂಬಿನ ಕೆಲಸ. ಬೇರೆ ಮಂತ್ರ ಏನೂ ಇಲ್ಲ.

ಮಂಗಳೂರಿನ ಎಲುಬಿನ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾದರೆ ಕೊಡುತ್ತೇನೆ ಅಂದಿದ್ದರು. ನರ್ಸಿಂಗ್ ಓದುವ ಮಗಳು ತಡೆದಳು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದಳು. ಇದೇ ನೋವಿನ 204 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವ್ಯಾಯಾಮ ಮತ್ತು ತಿಳುವಳಿಕೆ, ಒಂದಕ್ಕೆ ಇಂಜೆಕ್ಷನ್, ಇನ್ನೊಂದಕ್ಕೆ ಸುಮ್ನೆ ಕಾಯುವುದು. ಎಂಟು ವಾರದ ಹೊತ್ತಿಗೆ ವ್ಯಾಯಾಮದ ಗುಂಪಿನವರೇ ಮುಂದೆ ಇದ್ದರು. ‘ಅಮ್ಮ, ಮೊದಲು ಇದು ಮಾಡು, ಸೂಜಿ ಎಲ್ಲಿಗೂ ಓಡಿ ಹೋಗುವುದಿಲ್ಲ’ ಅಂದಳು. ಡಾಕ್ಟರಿಗೆ ಹೇಳಿದೆ, ಅವರೂ ಆಗಲಿ ಅಂದರು. ಹಾಗಾಗಿ ನನಗೆ ಕಡಿಮೆಯಾದದ್ದರಲ್ಲಿ ದಿಂಬಿನ ಪಾಲು ಎಷ್ಟು, ವ್ಯಾಯಾಮದ ಪಾಲು ಎಷ್ಟು ಅಂತ ಕತ್ತರಿಸಿ ಹೇಳಲಾರೆ. ವಿಮರ್ಶೆ ಓದುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ದಿಂಬು. ಡಮರುಗದ ಆಕಾರ. ನಡು ಸಪೂರ, ಎರಡು ಬದಿ ದಪ್ಪ. ಉದ್ದ ಹತ್ತು ಇಂಚು, ದಪ್ಪ ಆರು ಇಂಚು. ಕಾಲಿಗೆ ಸುತ್ತಿಕೊಳ್ಳಲು ಒಂದು ಇಲಾಸ್ಟಿಕ್ ಪಟ್ಟಿ. ಬಿಚ್ಚಿದ ದಿನ ಹೊಸ ಚಪ್ಪಲಿ ಅಂಗಡಿಯ ವಾಸನೆ. ನಾಲ್ಕು ದಿನ ಜಗಲಿಯಲ್ಲಿ ಇಟ್ಟ ಮೇಲೆ ಹೋಯಿತು.

ಮೊದಲ ರಾತ್ರಿ ನಾನು ಬೆಳಿಗ್ಗೆ ಐದರವರೆಗೆ ಒಂದೇ ನಿದ್ದೆ. ಸುಳ್ಳಲ್ಲ. ಎರಡನೆಯ ರಾತ್ರಿ ದಿಂಬು ಮಂಚದ ಕೆಳಗೆ ಸಿಕ್ಕಿತು.

ಹೊರಳುವಾಗ ಇದನ್ನು ಹಿಡಿದಿಟ್ಟುಕೊಳ್ಳುವುದು ಒಂದು ವಿದ್ಯೆ. ಎರಡೂ ಮೊಣಕಾಲಿನಿಂದ ದಿಂಬನ್ನು ಒತ್ತಿ ಹಿಡಿಯಬೇಕು. ಕಾಲು, ಸೊಂಟ, ಭುಜ ಎಲ್ಲ ಒಂದೇ ಮರದ ದಿಮ್ಮಿಯ ಹಾಗೆ ಒಟ್ಟಿಗೆ ತಿರುಗಬೇಕು. ಕಾಲು ಮೊದಲು, ಮೈ ಆಮೇಲೆ ಅಂತಾದರೆ ನೋವು ಚುರುಕ್ ಅನ್ನುತ್ತದೆ. ಹದಿನೈದು ದಿನದಲ್ಲಿ ನಿದ್ದೆಗಣ್ಣಲ್ಲೇ ರೂಢಿಯಾಯಿತು. ಪಟ್ಟಿ ಕಟ್ಟಿಕೊಂಡರೆ ಇದೆಲ್ಲ ಬೇಡ, ಆದರೆ ಬೆಳಿಗ್ಗೆ ತೊಡೆಯ ಮೇಲೆ ಪಟ್ಟಿಯ ಅಚ್ಚು ಕೆಂಪಗೆ ಇರುತ್ತಿತ್ತು. ಮೂರನೆಯ ತಿಂಗಳಿಗೆ ಅದೂ ಜೋತುಬಿತ್ತು. ಲಂಗಕ್ಕೆ ಹಾಕುವ ಅಗಲದ ಇಲಾಸ್ಟಿಕ್ ಹಾಕಿ ನಾನೇ ಹೊಲಿದೆ. ಟೈಲರ್ ಅಲ್ಲದವರು ಎಂತ ಮಾಡಬೇಕೋ.

ನಮ್ಮವರದ್ದು ಬೇರೆ ದೂರು. ‘ಎಂತ ಮಾರಾಯ್ತಿ, ಮಂಚದ ಮೇಲೆ ಅಡಿಕೆ ಗೋಣಿ ಇಟ್ಟ ಹಾಗೆ’ ಅಂತ.

ನಿಜವಾದ ಕೊರತೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ನೋವು ಅರ್ಧ ಇಳಿದು ಅಲ್ಲೇ ನಿಂತಿತು. ಒಂದು ಭಾನುವಾರ ಮಧ್ಯಾಹ್ನ ಎಡಮಗ್ಗುಲಿಗೆ ಮಲಗಿ ನಮ್ಮವರ ಕೈಗೆ ಟೇಪು ಕೊಟ್ಟೆ. ಮೊಣಕಾಲು ಸೊಂಟದ ಎತ್ತರಕ್ಕೇ ಇರುವ ಹಾಗೆ ಬಲಗಾಲನ್ನು ಎತ್ತಿ ಹಿಡಿಯಿರಿ, ಈಗ ನಡುವಿನ ಅಂತರ ಅಳೆಯಿರಿ ಅಂದೆ. ಏಳೂಕಾಲು ಇಂಚು. ದಿಂಬು ಆರು ಇಂಚು, ಕಾಲಿನ ಭಾರಕ್ಕೆ ಕುಸಿದ ಮೇಲೆ ನಾಲ್ಕೂವರೆ. ಅದಕ್ಕಿಂತ ದೊಡ್ಡ ತಪ್ಪು ಪಾದದ ಹತ್ತಿರ. ಮೊಣಕಾಲು ದಿಂಬಿನ ಮೇಲಿದೆ, ಪಾದ ಮಾತ್ರ ಕೆಳಗೆ ನೇತಾಡುತ್ತಿದೆ. ಹಾಗೆ ನೇತಾಡಿದರೆ ಇಡೀ ಕಾಲು ಸೊಂಟದಿಂದಲೇ ತಿರುಚಿಕೊಳ್ಳುತ್ತದೆ. ಡಮರುಗದ ಆಕಾರ ಮಾಡಿದವರು ಮೊಣಕಾಲು ನೋಡಿದ್ದಾರೆ, ಪಾದ ಮರೆತಿದ್ದಾರೆ. ಪ್ಯಾಂಟಿಗೆ ಮೊಣಕಾಲಿನವರೆಗೆ ಮಾತ್ರ ಅಳತೆ ತೆಗೆದು ಹೊಲಿದ ಹಾಗಾಯಿತು.

ಸದ್ಯಕ್ಕೆ ಪಾದದ ಕೆಳಗೆ ಒಂದು ಹಳೆಯ ತಲೆಕೊಂಬು, ಅಂದರೆ ತಲೆದಿಂಬು, ಇಟ್ಟುಕೊಂಡೆ. ಆ ವಾರವೇ ವ್ಯತ್ಯಾಸ ಗೊತ್ತಾಯಿತು.

ಅಷ್ಟರಲ್ಲಿ ಮಳೆ ಬಂತು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೋಮ್! ಕವರ್ ಬಿಚ್ಚಿ ನೋಡಿದರೆ ಹೊಲಿಗೆಯ ಬದಿಯಲ್ಲಿ ಬೂದು ಬಣ್ಣದ ಬೂಷ್ಟು. ಚೀಟಿಯಲ್ಲಿ ಫೋಮ್ ಒಗೆಯಬಾರದು, ಬಿಸಿಲಿಗೆ ಹಾಕಬಾರದು ಅಂತ ಬರೆದಿದ್ದಾರೆ. ಬಿಸಿಲು ಇದ್ದರಲ್ಲವಾ ಹಾಕುವುದು. ಅಂಗಳದಲ್ಲಿ ಅಡಿಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಮಾಡಿನೊಳಗೆ ಎರಡು ದಿನ ಇಟ್ಟೆ. ಬೂಷ್ಟು ಹೋಯಿತು. ಅಕ್ಟೋಬರ್‌ವರೆಗೆ ದಿಂಬು ಅಡಿಕೆ ವಾಸನೆ ಹೊಡೆಯುತ್ತಿತ್ತು. ಮಾರಿದವರಿಗೆ ಬರೆದೆ. ವಾಪಸು ತೆಗೆದುಕೊಳ್ಳುವ ಅವಧಿ ಮುಗಿದಿದೆ ಅಂತ ಒಂದು ಸಾಲಿನ ಉತ್ತರ ಬಂತು.

ಸೆಕೆಯಲ್ಲೂ ಇದರ ಗುಣ ಬೇರೆ. 1966ರಲ್ಲಿ ಅಮೆರಿಕದ ನಾಸಾಕ್ಕಾಗಿ ವಿಮಾನದ ಸೀಟಿಗೆಂದು ಕಂಡುಹಿಡಿದ ಫೋಮ್ ಇದು. ಬಿಸಿಗೆ ಮೆತ್ತಗಾಗುತ್ತದೆ, ತಂಪಿಗೆ ಬಿಗಿಯುತ್ತದೆ. ಡಿಸೆಂಬರ್‌ನ ಬೆಳಗಿನ ಜಾವ ತೆಂಗಿನಕಾಯಿಯ ಹಾಗೆ, ಏಪ್ರಿಲ್‌ನಲ್ಲಿ ಕರೆಂಟ್ ಹೋದ ರಾತ್ರಿ ನೆನೆದ ಇಡ್ಲಿಯ ಹಾಗೆ. ಮೊಣಕಾಲಿನ ಒಳಬದಿ ಬೆವರಿ ಅಂಟುತ್ತದೆ. ಈಗ ಅಳೆದರೆ ಆರು ಇಂಚಿನದ್ದು ಐದೂಕಾಲು ಇದೆ.

ಸೆಪ್ಟೆಂಬರ್‌ನಲ್ಲಿ ನಾನೇ ಒಂದು ಹೊಲಿದೆ. ತವರಿನಲ್ಲಿ ಬೂರುಗದ ಮರ ಇದೆ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಹತ್ತಿ ಗೋಣಿಗೆ ತುಂಬಿ ಅಟ್ಟದ ಮೇಲೆ ಇಡುವುದು ಅಮ್ಮನ ಅಭ್ಯಾಸ. ಉದ್ದ 28 ಇಂಚು, ಮೊಣಕಾಲಿನ ಸ್ವಲ್ಪ ಮೇಲಿನಿಂದ ಪಾದದವರೆಗೆ. ಅಗಲ ಹನ್ನೆರಡು. ಎತ್ತರ ಒಂಬತ್ತು ಇಂಚಿಗೆ ಗಟ್ಟಿಯಾಗಿ ತುಂಬಿದೆ, ಒಂದು ವಾರದಲ್ಲಿ ಏಳೂವರೆಗೆ ಇಳಿಯಿತು. ಈಗ ಏಳು ತಿಂಗಳಿಂದ ಅದರಲ್ಲೇ ಮಲಗುವುದು. ಹತ್ತಿ ಕುಳಿತರೆ ಬಿಸಿಲಿಗೆ ಹಾಕಿ ಬಡಿದರೆ ಮತ್ತೆ ಏಳುತ್ತದೆ. ಫೋಮಿಗೆ ಆ ಭಾಗ್ಯ ಇಲ್ಲ.

ಹಾಗಾದರೆ 899 ದಂಡವಾ? ಪೂರ್ತಿ ಅಲ್ಲ. ತಂಗಿಯ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಹಿಡಿಯುವುದು ಇದೇ. ಮೈ ಸಣ್ಣ ಇರುವವರಿಗೆ, ಸೊಂಟದ ಅಗಲ ಕಡಿಮೆ ಇರುವವರಿಗೆ ಆರು ಇಂಚು ಸಾಕಾಗಲೂಬಹುದು. ಐದರಲ್ಲಿ ಎರಡೂವರೆ ಕೊಡುತ್ತೇನೆ. ತರಿಸುವ ಮೊದಲು ಮನೆಯ ಎರಡು ಮಾಮೂಲು ದಿಂಬು ಉದ್ದಕ್ಕೆ ಇಟ್ಟು ಒಂದು ವಾರ ಮಲಗಿ ನೋಡಿ. ಅದರಲ್ಲಿ ಆರಾಮ ಕಂಡರೆ ಖರ್ಚು ಮಾಡುವುದೇ ಬೇಡ.

ಮಲಗುವ ಬಗೆಯಲ್ಲಿ ನನಗೆ ಕೊನೆಗೆ ಒಗ್ಗಿದ್ದು ಎರಡು. ಒಂದು, ಎಡಮಗ್ಗುಲು, ಕಾಲ ನಡುವೆ ಉದ್ದ ದಿಂಬು, ಎದೆಗೆ ಇನ್ನೊಂದು ದಿಂಬು ಅಪ್ಪಿಕೊಳ್ಳುವುದು. ಅಪ್ಪಿಕೊಂಡರೆ ಮೈ ಮುಂದಕ್ಕೆ ಮಗುಚುವುದಿಲ್ಲ. ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಹಾಸಿಗೆ ತಾಗದ ಜಾಗ ಇರುತ್ತದಲ್ಲ, ಅಲ್ಲಿಗೆ ಬೈರಾಸು (ಟವೆಲ್) ಮಡಚಿ ಇಡುತ್ತೇನೆ. ಇನ್ನೊಂದು, ಬಲಮಗ್ಗುಲು ಬಿಟ್ಟಿರಲು ಆಗದ ನನ್ನಂಥವರಿಗೆ. ಪೂರ್ತಿ ಬಲಕ್ಕೆ ತಿರುಗದೆ, ಬೆನ್ನ ಹಿಂದೆ ದಿಂಬು ಕೊಟ್ಟು ಅರ್ಧ ಅಂಗಾತವಾಗಿ ಒರಗುವುದು. ಆಗ ಭಾರ ಎಲುಬಿನ ಉಬ್ಬಿನ ಮೇಲೆ ಬೀಳದೆ ಹಿಂದಿನ ಮಾಂಸಕ್ಕೆ ಹೋಗುತ್ತದೆ. ಪೂರ್ತಿ ಅಂಗಾತ ಮಲಗಿ ಮೊಣಕಾಲ ಕೆಳಗೆ ದಿಂಬು ಇಡುವುದು ಎಲ್ಲಕ್ಕಿಂತ ಒಳ್ಳೆಯದೇ ಇರಬಹುದು. ನಾನು ಗೊರಕೆ ಹೊಡೆಯುತ್ತೇನೆ, ಅದು ಮನೆಯಲ್ಲಿ ಪಾಸಾಗಲಿಲ್ಲ.

ನಮ್ಮ ಹಾಸಿಗೆ ತೆಂಗಿನ ನಾರಿನದ್ದು, ಹಲಗೆಯಷ್ಟೇ ಗಟ್ಟಿ. ಅದರ ಮೇಲೆ ಹತ್ತಿಯ ರಜಾಯಿ ಎರಡು ಮಡಿಕೆ ಹಾಸಿದ್ದೂ ಉಪಕಾರವಾಯಿತು. ಹಗಲಿನಲ್ಲಿ ನೆಲದಲ್ಲಿ ಚಕ್ಕಳಮಕ್ಕಳ ಕೂತು ಬಟ್ಟೆ ಕತ್ತರಿಸುವುದು, ಕಾಲ ಮೇಲೆ ಕಾಲು ಹಾಕುವುದು ಬಿಟ್ಟೆ. ಕಟ್ಟಿಂಗ್ ಮೇಜಿನ ಮುಂದೆ ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ಹೊರಗೆ ಹಾಕಿ ನಿಲ್ಲುವ ಚಾಳಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆ ಬಂದ ನೋವು, ಕಾಲೂರಲು ಆಗದ ನೋವು, ಹೇಗೆ ಹೊರಳಿದರೂ ಬದಲಾಗದ ರಾತ್ರಿ ನೋವು ಇದ್ದರೆ ದಿಂಬು ಹುಡುಕುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಅಂಗಡಿಗೆ ಬಂದವರು ನೋಡಿ ‘ನಮಗೂ ಒಂದು ಹೊಲಿದುಕೊಡಿ ಅಕ್ಕಾ’ ಅನ್ನುತ್ತಾರೆ. ಅಮ್ಮನ ಗೋಣಿ ಖಾಲಿಯಾಗಿದೆ, ಅಳತೆ ಮಾತ್ರ ಬರೆದುಕೊಡುತ್ತೇನೆ. ನೀವೇ ಹೊಲಿಯುವುದಾದರೆ ಒಳಚೀಲಕ್ಕೆ ಒತ್ತು ನೇಯ್ಗೆಯ ಬಟ್ಟೆ ಬೇಕು, ಇಲ್ಲದಿದ್ದರೆ ಬೂರುಗದ ಹತ್ತಿ ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಬಾಯಿ ಉದ್ದದ ಬದಿಗೆ ಇಡಿ. ನಾನು ಗಿಡ್ಡ ಬದಿಗೆ ಇಟ್ಟು, ಫ್ಯಾನ್ ಹಾಕಿಕೊಂಡು ತುಂಬಲು ಕೂತೆ. ಹೊಲಿಗೆ ಮೆಷಿನ್‌ನಿಂದ ಹತ್ತಿ ಇವತ್ತಿಗೂ ಬರುತ್ತಿದೆ.