ಬೆಳ್ಳುಳ್ಳಿ ಪೋರ್ಕ್ ರಿಬ್ಸ್: ರಸದಲ್ಲಿ ನೆನೆಸೋದಾ, ಮೇಲೆ ಉದುರಿಸೋದಾ?

ಗರಿಗರಿ ಬೆಳ್ಳುಳ್ಳಿ ರಿಬ್ಸ್ (ಹಂದಿಯ ಪಕ್ಕೆಲುಬಿನ ಮಾಂಸ) ಮಾಡಲು ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿ ಎರಡು ಒಳ್ಳೆಯ ದಾರಿಗಳಿವೆ. ನಿಮ್ಮ ಹತ್ತಿರ ಎಷ್ಟು ಸಮಯ ಇದೆ ಅನ್ನೋದರ ಮೇಲೆ ಆರಿಸಿಕೊಳ್ಳಿ.

ಮೊದಲನೆಯದರಲ್ಲಿ ಬೆಳ್ಳುಳ್ಳಿ ಮಾಂಸದೊಳಗೇ ಇಳಿದಿರುತ್ತದೆ. ಬೆಳ್ಳುಳ್ಳಿಯನ್ನು ಸ್ವಲ್ಪ ನೀರಿನ ಜೊತೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಸ ಮಾತ್ರ ಬಳಸಬೇಕು. ಹಿಪ್ಪೆ ಅಂಟಿಕೊಂಡಿದ್ದರೆ ಎಣ್ಣೆಯಲ್ಲಿ ಕಪ್ಪಾಗಿ ಕಹಿ ಬರುತ್ತದೆ. ರಸಕ್ಕೆ ಉಪ್ಪು, ಚಿಟಿಕೆ ಸಕ್ಕರೆ, ಸೋಯಾ ಸಾಸ್ ಸೇರಿಸಿ, ರಿಬ್ಸ್ ಅನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ. ಕಚ್ಚಿದಾಗ ಮೂಳೆಯ ಪಕ್ಕದ ಮಾಂಸದಲ್ಲೂ ಘಮ ಇರುತ್ತದೆ.

ಎರಡನೆಯದು ಹಾಂಗ್‌ಕಾಂಗ್‌ನ ಟೈಫೂನ್ ಶೆಲ್ಟರ್ ಶೈಲಿ. ಟೈಫೂನ್ ಶೆಲ್ಟರ್ ಅಂದರೆ ಚಂಡಮಾರುತ ಬಂದಾಗ ದೋಣಿಗಳು ಆಸರೆ ಪಡೆಯುವ ಜಾಗ. ಅಲ್ಲಿನ ದೋಣಿ ಜನರ ಏಡಿ ಅಡುಗೆಯಿಂದ ಹೆಸರಾದದ್ದು. ನೆನೆಸಲು ಅರ್ಧ ಗಂಟೆ ಸಾಕು. ಆದರೆ ಕೊಚ್ಚಿದ ಬೆಳ್ಳುಳ್ಳಿ ಹುರಿಯುವಾಗ ಒಲೆ ಬಿಟ್ಟು ಅಲ್ಲಾಡಬೇಡಿ. ಮೊದಲು ತೊಳೆದು ಚೆನ್ನಾಗಿ ಒರೆಸಿ, ಸಣ್ಣ ಉರಿಯಲ್ಲಿ ಹುರಿದು, ತಿಳಿ ಹೊಂಬಣ್ಣ ಬಂದ ಕೂಡಲೇ ಸೋಸಿಬಿಡಿ. ಹೊರಗೆ ತೆಗೆದ ಮೇಲೂ ಅದರ ಬಣ್ಣ ಏರುತ್ತಲೇ ಇರುತ್ತದೆ. ಆಮೇಲೆ ಒಣಮೆಣಸಿನಕಾಯಿ, ಈರುಳ್ಳಿ ಸೊಪ್ಪಿನ ಜೊತೆ ಕರಿದ ರಿಬ್ಸ್ ಮೇಲೆ ಹಾಕಿ ಕಲಸಿ.

ಕರಿಯೋದು ಎರಡಕ್ಕೂ ಒಂದೇ. ಸಣ್ಣ ತುಂಡುಗಳಿಗೆ ಕಾರ್ನ್‌ಫ್ಲೋರ್ ಹಚ್ಚಿ, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗೆ ಪೂರ್ತಿ ಬೇಯುವವರೆಗೆ ಕರಿದು, ತೆಗೆದು, ಮತ್ತೆ 190ರಲ್ಲಿ ಒಂದು ನಿಮಿಷ. ಈ ಎರಡನೇ ಸಲ ಬಿಟ್ಟರೆ ಗರಿಗರಿ ಬೇಗ ಹೋಗುತ್ತದೆ.

ಸಂಜೆಯೇ ನೆಂಟರು ಬರ್ತಾರಾ? ಎರಡನೆಯದು ಮಾಡಿ, ಖಾರ ಇಷ್ಟಪಡುವವರಿಗೂ ಅದೇ ಸರಿ. ನನಗಂತೂ ಮೊದಲನೆಯದೇ ಜಾಸ್ತಿ ಇಷ್ಟ. ತಣ್ಣಗಾದರೂ ಅದರ ರುಚಿ ಕೆಡಲ್ಲ.